ಎಳೆಯುವುದು ಬೇರೆ, ಹೊರುವುದು ಬೇರೆ

ಅಮೆರಿಕದ ಆರಿಝೋನಾದಲ್ಲಿ, ಕೊಲರಾಡೋ ನದಿಗೆ ಕಟ್ಟಿರುವ ಡೇವಿಸ್ ಅಣೆಕಟ್ಟಿನ ಸಮೀಪದಿಂದ ಬೋಳುಗುಡ್ಡಗಳ ನಡುವೆ ಏರುತ್ತ ಹೋಗುವ ರಸ್ತೆಯೊಂದಿದೆ, ರಾಜ್ಯ ಹೆದ್ದಾರಿ 68. ಅದರ 11.4 ಮೈಲಿಯ ಏರು, ಎಂದರೆ ಸುಮಾರು 18 ಕಿಲೋಮೀಟರ್, ವಾಹನ ಎಂಜಿನಿಯರುಗಳ ಪಾಲಿಗೆ ಪರೀಕ್ಷೆಯ ಕಣ. ಹೊರಗೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿರಬೇಕು, ಒಳಗೆ ಏಸಿ ಪೂರ್ತಿ ಓಡುತ್ತಿರಬೇಕು, ಹಿಂದೆ ಭಾರದ ಟ್ರೇಲರ್ ಇರಬೇಕು. ಇಷ್ಟಿದ್ದೂ ಪಿಕಪ್ ಗಂಟೆಗೆ 40 ಮೈಲಿಗಿಂತ ನಿಧಾನವಾಗದೆ ಹತ್ತಿ ತೋರಿಸಬೇಕು. ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ2807 ಎಂಬ ಮಾನದಂಡದ ಒಂದು ಭಾಗ ಇದು. ಟೊಯೋಟಾ 2011ರ ಮಾಡೆಲ್‌ಗಳಿಗೆ ಇದನ್ನು ಎಲ್ಲರಿಗಿಂತ ಮೊದಲು ಅಳವಡಿಸಿಕೊಂಡಿತು. ಉಳಿದ ದೊಡ್ಡ ಕಂಪನಿಗಳು ಒಂದೊಂದಾಗಿ ಬಂದು ಸೇರಿದವು. ಅದಕ್ಕೆ ಮುಂಚೆ ನಮ್ಮ ಗಾಡಿ ಇಷ್ಟು ಎಳೆಯುತ್ತದೆ ಎಂದು ಪ್ರತಿ ಕಂಪನಿಯೂ ತನ್ನದೇ ಅಳತೆಗೋಲಿನಲ್ಲಿ ಹೇಳಿಕೊಳ್ಳುತ್ತಿತ್ತು.

ಈ ಪರೀಕ್ಷೆಯ ಬಗ್ಗೆ ನನಗೆ ತುಂಬ ಗೌರವ. ಆದರೆ ಸಂಸಾರಸ್ಥರು ಅದರ ಒಂದು ವಿವರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪರೀಕ್ಷೆಯ ಲೆಕ್ಕದಲ್ಲಿ ಪಿಕಪ್ಪಿನೊಳಗೆ ಕೂತವರು ಇಬ್ಬರೇ, ತಲಾ 150 ಪೌಂಡ್. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ, ಬೇಸಿಗೆಗೆಂದು ಮೈಸೂರಿನಿಂದಲೋ ಧಾರವಾಡದಿಂದಲೋ ಬಂದ ಅಜ್ಜಿಯಿಲ್ಲ, ಕುಕ್ಕರಿಲ್ಲ, ಅಕ್ಕಿ ಚೀಲವಿಲ್ಲ.

ಟ್ರಾವೆಲ್ ಟ್ರೇಲರ್ ಎಂದರೆ ತನ್ನದೇ ಎಂಜಿನ್ ಇಲ್ಲದ, ಇನ್ನೊಂದು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಹಾಸಿಗೆ, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಅದರೊಳಗೆ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಇದರ ಮೇಲೆ ಮನಸ್ಸಾಗುವುದು ಸಹಜ. ಹೋದ ಕಡೆಯಲ್ಲೆಲ್ಲ ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಸಾರನ್ನ ಮಾಡಿಕೊಳ್ಳಬಹುದು. ಹಿರಿಯರು ಕ್ಯಾಂಪ್‌ಗ್ರೌಂಡಿನ ಸಾರ್ವಜನಿಕ ಶೌಚಾಲಯಕ್ಕೆ ಕತ್ತಲಲ್ಲಿ ನಡೆಯಬೇಕಿಲ್ಲ. ದಿನಾ ಕೆಲಸಕ್ಕೆ ಓಡಿಸುವ ಮಧ್ಯಮ ಗಾತ್ರದ ಪಿಕಪ್ ಹೇಗೂ ಮನೆಯಲ್ಲಿರುತ್ತದೆ. ಅದರ ಕೈಪಿಡಿ ತೆಗೆದರೆ ಅಂಕಿಗಳು ಧೈರ್ಯ ಕೊಡುತ್ತವೆ. ಸರಿಯಾದ ಸಲಕರಣೆಯಿದ್ದರೆ ಟೊಯೋಟಾ ಟಕೋಮಾ ಸುಮಾರು 6,500 ಪೌಂಡ್, ಫೋರ್ಡ್ ರೇಂಜರ್ 7,500, ಶೆವ್ರೊಲೆ ಕೊಲರಾಡೋ 7,700, ಹೋಂಡಾ ರಿಡ್ಜ್‌ಲೈನ್ 5,000. ಸಾವಿರ ಪೌಂಡ್ ಎಂದರೆ ಸುಮಾರು 450 ಕಿಲೋ. ಅಂದರೆ ಎರಡೂವರೆ, ಮೂರು ಟನ್ನಿನ ಮನೆಯನ್ನೇ ಎಳೆದುಕೊಂಡು ಹೋಗಬಹುದು ಎಂಬ ಭಾವನೆ ಬರುತ್ತದೆ.

ಬಲ್ಲವರು ಈ ಅಂಕಿಯನ್ನು ಓದಿ ಪಕ್ಕಕ್ಕಿಡುತ್ತಾರೆ. ಅವರು ಮೊದಲು ನೋಡುವುದು ಚಾಲಕನ ಬಾಗಿಲು ತೆರೆದಾಗ ಚೌಕಟ್ಟಿನ ಮೇಲೆ ಕಾಣುವ ಒಂದು ಸಣ್ಣ ಚೀಟಿಯನ್ನು. ಜನ ಮತ್ತು ಸಾಮಾನು ಸೇರಿ ಒಟ್ಟು ತೂಕ ಎಂದೂ ಇಷ್ಟನ್ನು ದಾಟಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದು ಪೇಲೋಡ್, ಗಾಡಿ ಹೊರಬಲ್ಲ ಭಾರ. ಕೈಪಿಡಿಯ ಅಂಕಿ ಮಾಡೆಲ್ಲಿಗೆ ಸೇರಿದ್ದು. ಈ ಚೀಟಿ ನಿಮ್ಮ ಗಾಡಿಗೇ ಸೇರಿದ್ದು. ಸನ್‌ರೂಫ್, ಫೋರ್‌ವೀಲ್ ಡ್ರೈವ್, ಐಷಾರಾಮದ ಸೀಟು, ಹೆಚ್ಚಿನ ಸ್ಟೀಲು, ಯಾವುದು ಸೇರಿದರೂ ಅಷ್ಟರ ಮಟ್ಟಿಗೆ ಇದು ಇಳಿಯುತ್ತದೆ. ನೋಡಲು ಒಂದೇ ತೆರನಿರುವ ಎರಡು ಪಿಕಪ್‌ಗಳ ಚೀಟಿಯಲ್ಲಿ ನೂರಾರು ಪೌಂಡ್ ವ್ಯತ್ಯಾಸ ಇರಬಹುದು.

ಚೀಟಿಯಲ್ಲಿ 1,350 ಇದೆ ಎಂದಿಟ್ಟುಕೊಳ್ಳೋಣ. ಅಪ್ಪ 175, ಅಮ್ಮ 140, ಮಕ್ಕಳಿಬ್ಬರು ಸೇರಿ 140, ಅಜ್ಜಿ 130: ಒಟ್ಟು 585. ಟ್ರೇಲರ್ ಕೊಂಡಿಯ ಸಲಕರಣೆಗೇ 80. ಹಿಂದಿನ ತೊಟ್ಟಿಗೆ ಹಾಕಿಸಿದ ಮುಚ್ಚಳ 50. ಮಡಿಸುವ ಕುರ್ಚಿ, ಐಸ್ ಪೆಟ್ಟಿಗೆ, ಚೀಲಗಳು 100. ಇಲ್ಲಿಗೆ 815 ಆಯಿತು, ಉಳಿದದ್ದು 535. ಟ್ರೇಲರ್ ತನ್ನ ಮೂತಿಯನ್ನು ಪಿಕಪ್ಪಿನ ಮೇಲೆ ಊರುವ ಭಾರವೆಲ್ಲ ಈ 535ರೊಳಗೆ ಮುಗಿಯಬೇಕು. ಆ ಭಾರಕ್ಕೆ ಟಂಗ್ ವೇಟ್ ಎನ್ನುತ್ತಾರೆ. ತುಂಬಿದ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಅದಿರಬೇಕು. 13 ಎಂದು ಹಿಡಿದರೆ 535 ಪೌಂಡಿಗೆ ಒಪ್ಪುವ ಟ್ರೇಲರ್ ಸುಮಾರು 4,100 ಪೌಂಡಿನದು. ಕೈಪಿಡಿ 6,500 ಎಂದಿದ್ದ ಗಾಡಿಗೆ ಈ ಸಂಸಾರದ ಮಟ್ಟಿಗೆ ಇದೇ ಮಿತಿ. ಎಂಜಿನ್ ಇನ್ನೂ ಎಳೆಯಬಲ್ಲದು, ಆದರೆ ಸ್ಪ್ರಿಂಗು, ಅಚ್ಚು, ಟೈರುಗಳು ಇನ್ನು ಹೊರಲಾರವು.

ಟಂಗ್ ವೇಟ್ ಕಡಿಮೆ ಮಾಡಿಬಿಟ್ಟರೆ ದೊಡ್ಡ ಟ್ರೇಲರನ್ನೇ ಕಟ್ಟಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಎತ್ತಿನ ಗಾಡಿ ಹೂಡಿದವರಿಗೆ ಇದರ ಉತ್ತರ ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಗಂಟೆಗೆ 60 ಮೈಲಿ ವೇಗದ ಹೆದ್ದಾರಿಯಲ್ಲಿ ಹಿಂಭಾರದ ಫಲ ಇನ್ನೂ ಭೀಕರ. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದಾಗ ಎದ್ದ ಗಾಳಿಗೆ ಟ್ರೇಲರಿನ ಬಾಲ ಸ್ವಲ್ಪ ಹೊರಳುತ್ತದೆ. ಮುಂಭಾರ ಸಾಕಷ್ಟಿದ್ದರೆ ತಾನಾಗಿ ನೆಟ್ಟಗಾಗುತ್ತದೆ. ಇಲ್ಲದಿದ್ದರೆ ಆ ತೂಗಾಟ ಪ್ರತಿ ಸಲಕ್ಕೂ ಹೆಚ್ಚುತ್ತ ಪಿಕಪ್ಪಿನ ಹಿಂಭಾಗವನ್ನೂ ಎಳೆದಾಡತೊಡಗುತ್ತದೆ. ಆ ಗಳಿಗೆಯಲ್ಲಿ ಪಿಕಪ್ಪಿನ ಬ್ರೇಕ್ ಜೋರಾಗಿ ಒತ್ತಬಾರದು, ಸ್ಟಿಯರಿಂಗ್ ಆಚೀಚೆ ತಿರುಗಿಸಬಾರದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯುವಂತೆ ಕಂಟ್ರೋಲರಿನ ಗುಂಡಿಯನ್ನು ಕೈಯಿಂದ ಅದುಮಬೇಕು. ಹಿಂದಿನಿಂದ ಎಳೆತ ಬಿದ್ದರೆ ಜೋಡಿ ನೆಟ್ಟಗಾಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೂರುವ ಈ ಬ್ರೇಕ್ ಕಂಟ್ರೋಲರಿನ ಖರ್ಚಿನಲ್ಲಿ ಯಾರೂ ಜಿಪುಣತನ ಮಾಡಬಾರದು. ನೀವು ಎಷ್ಟು ಜೋರಾಗಿ ಬ್ರೇಕ್ ಒತ್ತಿದಿರೋ ಅಷ್ಟೇ ಜೋರಾಗಿ ಟ್ರೇಲರಿನ ಬ್ರೇಕನ್ನೂ ಹಿಡಿಸುವ ಪ್ರಪೋರ್ಷನಲ್ ಮಾದರಿಯೇ ಬೇಕು.

ಕಂಪನಿಯವರು ಕಾಗದದ ಮೇಲೆ ಕೊಡುವ ಟಂಗ್ ವೇಟ್ ಖಾಲಿ ಟ್ರೇಲರಿನದು ಎಂಬುದು ಇನ್ನೊಂದು ಸಂಗತಿ. ಗ್ಯಾಸ್ ಸಿಲಿಂಡರ್ ಮತ್ತು ಬ್ಯಾಟರಿ ಕೂರುವುದು ಮೂತಿಯ ತ್ರಿಕೋನದ ಮೇಲೆಯೇ. ತುಂಬಿದ ಎರಡು ಸಿಲಿಂಡರಿಗೆ ಸುಮಾರು 75 ಪೌಂಡ್, ಲೆಡ್ ಆ್ಯಸಿಡ್ ಬ್ಯಾಟರಿಗೆ 60. ಇಷ್ಟೂ ಬಹುಪಾಲು ನೇರವಾಗಿ ಪಿಕಪ್ಪಿನ ಮೇಲೆ ಬೀಳುತ್ತದೆ. ನೀರಿನ ಲೆಕ್ಕ ಬೇರೆ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 30 ಗ್ಯಾಲನ್ ಟ್ಯಾಂಕು ತುಂಬಿದರೆ 250. ಟ್ಯಾಂಕು ಟ್ರೇಲರಿನ ಅಚ್ಚಿಗಿಂತ ಮುಂದಿದ್ದರೆ ಟಂಗ್ ವೇಟ್ ಏರುತ್ತದೆ, ಹಿಂದಿದ್ದರೆ ಇಳಿಯುತ್ತದೆ. ಅನುಭವಸ್ಥರು ಟ್ರೇಲರ್ ನೋಡಲು ಹೋದಾಗ ಸೋಫಾದ ಬಣ್ಣಕ್ಕಿಂತ ಮೊದಲು ಬಗ್ಗಿ ಟ್ಯಾಂಕು ಎಲ್ಲಿದೆ ಎಂದು ಹುಡುಕುವುದು ಇದಕ್ಕೇ. 3,100 ಪೌಂಡ್ ಎಂದು ಬರೆದ ಖಾಲಿ ಟ್ರೇಲರ್ ಗ್ಯಾಸು, ಬ್ಯಾಟರಿ, ನೀರು, ಪಾತ್ರೆ, ಹೊದಿಕೆ, ದಿನಸಿ ಸೇರಿ ಹೊರಡುವಾಗ 3,900ಕ್ಕೆ ಬಂದು ನಿಲ್ಲುತ್ತದೆ. ಮೇಲಿನ ನಮ್ಮ ಸಂಸಾರಕ್ಕೆ ಕೊಳ್ಳಬಹುದಾದ ತೂಕ ಹೆಚ್ಚುಕಡಿಮೆ ಅದೇ.

ಈ ತೂಕದೊಳಗೆ ಐದು ಜನ ಮಲಗುವ ಮನೆ ಸಿಗುತ್ತದೆಯೇ? ಸಿಗುತ್ತದೆ, ಆದರೆ ಮನೆ ಕಟ್ಟಿದ ಬಗೆ ನೋಡಿ ಆರಿಸಬೇಕು. ಅಮೆರಿಕದ ಬಹುಪಾಲು ಟ್ರೇಲರುಗಳು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಅಲ್ಲಿನ ಕೆಲಸಗಾರರಲ್ಲಿ ಮರಗೆಲಸಕ್ಕೆ ಹೆಸರಾದ ಆಮಿಶ್ ಸಮುದಾಯದವರೂ ಬಹಳ. ಹಳೆಯ ವಿಧಾನ ಮರದ ಚೌಕಟ್ಟಿಗೆ ಅಲೆಅಲೆಯ ಅಲ್ಯೂಮಿನಿಯಂ ತಗಡು ಹೊಡೆಯುವುದು. ಅಗ್ಗ, ರಿಪೇರಿ ಸುಲಭ. ಹೊಸದು ಅಲ್ಯೂಮಿನಿಯಂ ಚೌಕಟ್ಟು, ಫೋಮ್, ಫೈಬರ್‌ಗ್ಲಾಸ್ ಹಾಳೆಗಳನ್ನು ಒತ್ತಿ ಅಂಟಿಸಿದ ಗೋಡೆ. ಹಗುರ, ನೋಡಲು ನಯ, ಆದರೆ ಒಳಗೆ ನೀರು ಹೊಕ್ಕರೆ ಹಾಳೆ ಬಿಟ್ಟುಕೊಂಡು ಗೋಡೆ ಗುಳ್ಳೆ ಏಳುತ್ತದೆ. ಮೂರನೆಯ ಬಗೆ ನನಗೆ ಅತಿ ಪ್ರಿಯವಾದದ್ದು. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ರೂಪಿಸಿದ ಬೋಲರ್ ಎಂಬ 13 ಅಡಿಯ ಮೊಟ್ಟೆಯಾಕಾರದ ಟ್ರೇಲರ್. ಅಚ್ಚಿನಲ್ಲಿ ಎರಕ ಹೊಯ್ದ ಫೈಬರ್‌ಗ್ಲಾಸ್ ಚಿಪ್ಪುಗಳೆರಡು, ಮೇಲಿನದೊಂದು, ಕೆಳಗಿನದೊಂದು. ನಡುವಿನ ಸುತ್ತಿನಲ್ಲಷ್ಟೇ ಬೆಸುಗೆ. ಚಾವಣಿಗೆ ಸಂದಿಯೇ ಇಲ್ಲದ ಮೇಲೆ ಸೋರಿಕೆಗೆ ದಾರಿ ಬಹಳ ಕಡಿಮೆ. ಮಿನ್ನೆಸೋಟಾದ ಸ್ಕ್ಯಾಂಪ್, ಟೆಕ್ಸಸ್‌ನ ಕಸೀಟಾ ಕಂಪನಿಗಳು ಇಂದಿಗೂ ಅದೇ ಬಗೆಯವನ್ನು ಮಾಡುತ್ತಿವೆ. ದಶಕಗಳ ಹಿಂದಿನವು ಇನ್ನೂ ರಸ್ತೆಯಲ್ಲಿವೆ. ಗಂಡ ಹೆಂಡತಿ, ಒಂದು ಮಗು ಇದ್ದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ ಎನ್ನುತ್ತೇನೆ.

ಐದು ಜನಕ್ಕೆ ಅದು ಇಕ್ಕಟ್ಟು. ಅವರಿಗೆ ಬಂಕ್‌ಹೌಸ್ ಎಂಬ ಮಾದರಿ: ಮುಂದೆ ಇಬ್ಬರ ಹಾಸಿಗೆ, ಹಿಂದೆ ರೈಲಿನ ಬರ್ತಿನಂತೆ ಒಂದರ ಮೇಲೊಂದು ಎರಡು ಬಂಕು, ನಡುವಿನ ಊಟದ ಮೇಜು ರಾತ್ರಿ ಮಡಿಸಿದರೆ ಇನ್ನೊಂದು ಹಾಸಿಗೆ. ಹಗುರವಾದವು ಖಾಲಿ 3,000 ಪೌಂಡಿನ ಆಸುಪಾಸಿನಲ್ಲಿ ಸಿಗುತ್ತವೆ. ಗೋಡೆ ಹೊರಕ್ಕೆ ಜರುಗಿ ಜಾಗ ಹೆಚ್ಚಿಸುವ ಸ್ಲೈಡ್‌ಔಟ್ ನೋಡಿದಾಗ ಎಲ್ಲರಿಗೂ ಆಸೆಯಾಗುತ್ತದೆ. ಮಧ್ಯಮ ಗಾತ್ರದ ಪಿಕಪ್ ಇರುವವರು ಆ ಆಸೆ ಬಿಡಬೇಕು. ಅದು ನೂರಾರು ಪೌಂಡ್ ಸೇರಿಸುತ್ತದೆ, ಸೋರುವ ಅಂಚುಗಳನ್ನೂ ಸೇರಿಸುತ್ತದೆ.

ಹಳೆಯ ಟ್ರೇಲರ್ ನೋಡುವಾಗ ಬಲ್ಲವರು ದೀಪ ಹಾಕಿ ನೋಡುವುದಕ್ಕಿಂತ ಹೆಚ್ಚಾಗಿ ಮುಟ್ಟಿ ನೋಡುತ್ತಾರೆ. ಬಂಕಿನ ಕೆಳಗಿನ ಕಪಾಟು ತೆರೆದು ಮೂಲೆಯ ನೆಲವನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಮೆತ್ತಗಾಗಿದ್ದರೆ ಒಳಗಿನ ಮರ ಕೊಳೆತಿದೆ. ಗುಳ್ಳೆ ಎದ್ದಿದೆಯೇ ಎಂದು ಹೊರಗಿನ ಗೋಡೆಯ ಮೇಲೆ ಅಂಗೈ ಸವರುತ್ತಾರೆ. ಏಣಿ ಹಾಕಿ ಚಾವಣಿಯ ಕಿಂಡಿಗಳ ಸುತ್ತ ಹಚ್ಚಿದ ಸೀಲೆಂಟ್ ಬಿರುಕು ಬಿಟ್ಟಿದೆಯೇ ನೋಡುತ್ತಾರೆ. ಟೈರಿನ ಪಕ್ಕದಲ್ಲಿ ಡಾಟ್ ಎಂದು ಆರಂಭವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದುತ್ತಾರೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟ್ರೇಲರಿನ ಟೈರು ಸವೆದು ಹೋಗುವುದಕ್ಕಿಂತ ನಿಂತಲ್ಲೇ ಮುಪ್ಪಾಗಿ ಒಡೆಯುವುದೇ ಹೆಚ್ಚು.

ಇಷ್ಟೆಲ್ಲ ಲೆಕ್ಕ ಸರಿಯಾಗಿದೆಯೇ ಎಂದು ತಿಳಿಯುವುದು ತೂಕದ ಕಟ್ಟೆಯ ಮೇಲೆ. ಹೆದ್ದಾರಿಯ ಪಕ್ಕದಲ್ಲಿ ಲಾರಿಗಳು ತಂಗುವ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಪಿಕಪ್ಪಿನ ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರಿನದು ಮೂರನೆಯದರ ಮೇಲೆ ನಿಲ್ಲಿಸಿದರೆ ಮೂರು ತೂಕವೂ ಬೇರೆಬೇರೆಯಾಗಿ ಒಂದೇ ಚೀಟಿಯಲ್ಲಿ ಬರುತ್ತದೆ. ಪಿಕಪ್ ಒಂದೇ ನಿಂತಾಗ ಮುಂದಿನ ಅಚ್ಚಿನ ಮೇಲೆ 2,900 ಇತ್ತು ಎನ್ನಿ. 500 ಪೌಂಡ್ ಟಂಗ್ ವೇಟಿನ ಟ್ರೇಲರ್ ಕಟ್ಟಿದೊಡನೆ ಅದು 2,720ಕ್ಕೆ ಇಳಿಯಬಹುದು. ಕೊಂಡಿಯಿರುವುದು ಹಿಂದಿನ ಅಚ್ಚಿಗಿಂತ ಹಿಂದಾದ್ದರಿಂದ ಆ ಭಾರ ಪಿಕಪ್ಪಿನ ಮೂತಿಯನ್ನು ಮೇಲಕ್ಕೆತ್ತುತ್ತದೆ. ಮುಂದೆ ಕಳೆದ 180 ಪೌಂಡೂ ಸೇರಿ ಹಿಂದಿನ ಅಚ್ಚಿನ ಮೇಲೆ ಬಿದ್ದದ್ದು 500 ಅಲ್ಲ, 680. ಮುಂದಿನ ಚಕ್ರ ಹಗುರವಾದರೆ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ, ರಾತ್ರಿ ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೆ ಮದ್ದು ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್. ಕೊಂಡಿಯಿಂದ ಟ್ರೇಲರಿನ ಚೌಕಟ್ಟಿನವರೆಗೆ ಎರಡು ಸ್ಪ್ರಿಂಗ್ ಸರಳುಗಳನ್ನು ಬಿಗಿದು ಎತ್ತಿ ಕಟ್ಟುವ ಸಲಕರಣೆ. ಆ ಬಿಗಿತ ಹಿಂದಿನ ಅಚ್ಚಿನ ಹೊರೆಯಲ್ಲಿ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲನ್ನು ಟ್ರೇಲರಿನ ಅಚ್ಚಿಗೂ ಹಂಚುತ್ತದೆ. ಸರಳನ್ನು ಎತ್ತಿ ಕಟ್ಟಿದ ಸರಪಳಿಯನ್ನು ಒಂದು ಕೊಂಡಿ ಮೇಲೇರಿಸಿ ಮತ್ತೆ ಕಟ್ಟೆಗೆ ಹೋದರೆ 2,720 ಇದ್ದದ್ದು 2,830 ಆಗಿರುತ್ತದೆ. ಪೂರ್ತಿ 2,900ಕ್ಕೆ ತರಲು ಹೋಗಬಾರದು. ಎಷ್ಟಕ್ಕೆ ತರಬೇಕೆಂದು ಪಿಕಪ್ಪಿನ ಕೈಪಿಡಿಯೇ ಹೇಳುತ್ತದೆ. ರಿಡ್ಜ್‌ಲೈನಿಗೆ ಇಂಥ ಹಿಚ್ ಬೇಡವೆಂದೇ ಹೋಂಡಾ ಹೇಳುತ್ತದೆ. ಸರಪಳಿಯ ಒಂದು ಕೊಂಡಿಯ ಅಂತರದಲ್ಲಿ ನೂರು ಪೌಂಡನ್ನು ಮುಂದಕ್ಕೆ ಹಿಂದಕ್ಕೆ ಸರಿಸುವ ಈ ಕೆಲಸದಲ್ಲಿ ನನಗೆ ಕಸುಬಿನ ನಿಜವಾದ ಸೊಗಸು ಕಾಣುತ್ತದೆ.

ಉದ್ದವನ್ನೂ ಮರೆಯಬೇಡಿ. ಮಾಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನವನ್ನು ಬಿಡುವುದಿಲ್ಲ. ಪಿಕಪ್ ಮತ್ತು ಟ್ರೇಲರ್ ಸೇರಿದರೆ ಎಷ್ಟು ಚಿಕ್ಕದಾದರೂ ಅದನ್ನು ದಾಟುತ್ತದೆ, ಹಾಗಾಗಿ ಟ್ರೇಲರನ್ನು ಕ್ಯಾಂಪಿನಲ್ಲೇ ಬಿಟ್ಟು ಹೋಗಬೇಕು. ಟ್ರೇಲರ್ ಕಟ್ಟಿದ ಗಾಡಿಗೆ ಕ್ಯಾಲಿಫೋರ್ನಿಯಾದಲ್ಲಿ 55 ಮೈಲಿಯೇ ಗರಿಷ್ಠ ವೇಗ. ಗಾಳಿಗೆ ಎದೆಯೊಡ್ಡುವ ಗೋಡೆಯನ್ನು ಎಳೆಯುವಾಗ ಪೆಟ್ರೋಲೂ ಹೆಚ್ಚುಕಡಿಮೆ ಎರಡರಷ್ಟು ಹಿಡಿಯುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಲೆಕ್ಕಕ್ಕೆ ಹೊಂದುವ ಒಂದು ಬಂಕ್‌ಹೌಸನ್ನು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಮನೆಯಿಂದ ಒಂದೆರಡು ಗಂಟೆಯ ದಾರಿಗಿಂತ ದೂರ ಹೋಗಬೇಡಿ. ಹೋಗುವಾಗ ದಾರಿಯಲ್ಲಿ ತೂಕ ಹಾಕಿಸಿ. ಅಜ್ಜಿಯನ್ನು ಕೆಳಗಿನ ಹಾಸಿಗೆಯಲ್ಲಿ ಮಲಗಿಸಿ, ನಡುರಾತ್ರಿ ಎದ್ದು ಬಚ್ಚಲಿಗೆ ಹೋಗಿಬರಲು ಅವರಿಗೆ ಕಷ್ಟವಾಯಿತೇ ಎಂದು ಬೆಳಿಗ್ಗೆ ಕೇಳಿ. ಅವರು ಆರಾಮಾಗಿದ್ದೆ ಎಂದರೆ, ಕಟ್ಟೆಯ ಚೀಟಿಯೂ ಸರಿಯಿದ್ದರೆ, ಅದೇ ಮಾದರಿಯನ್ನು ಕೊಳ್ಳಿ.