ಮೌನದೇಹದ ಲಕ್ಷಣ: ಅರಿವಳಿಕೆ ಮತ್ತು ಸಣ್ಣ ಪ್ರಾಣಿಗಳ ರಕ್ತದೊತ್ತಡ

ಪಶುವೈದ್ಯವು ಕನ್ನಡಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ವು ಈ ಪರಂಪರೆಯ ಪ್ರಾಚೀನತೆಗೆ ಸಾಕ್ಷಿ. ಗ್ರಂಥಸ್ಥವಾಗದ ಜನಪದ ಪಶುವೈದ್ಯವಾದರೋ ಬಹುಮಟ್ಟಿಗೆ ಲಕ್ಷಣಾಧಾರಿತವಾದುದು. ಮೇವು ಬಿಟ್ಟುದು, ಕಿವಿ ತಣ್ಣಗಾದುದು, ಕಣ್ಣು ಮಂಕಾದುದು ಇವೇ ಅಲ್ಲಿ ರೋಗದ ಸೂಚನೆಗಳು. ಮಾತು ಬಾರದ ಜೀವಕ್ಕೆ ನಡೆಯೇ ನುಡಿ. ಅರಿವಳಿಕೆಯು ಈ ನುಡಿಯನ್ನೇ ಅಳಿಸಿಬಿಡುತ್ತದೆ. ಆಗ ಪ್ರಾಣಿಯ ಸಂಕಟವನ್ನು ಅರಿಯುವ ಬಗೆ ಯಾವುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡು ಪ್ರದೇಶ ಹಾಗೂ ಅದರ ಪೂರ್ವದ ಬಡಾವಣೆಗಳಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. ಇಂದಿರಾನಗರದ ಸಾಕುನಾಯಿಯಂತೆಯೇ ಶಿವಾಜಿನಗರ, ಹಲಸೂರು, ಕೆ.ಆರ್. ಪುರಗಳ ಬೀದಿನಾಯಿಯೂ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತದೆ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆ 2001ರಲ್ಲಿ ಕೇಂದ್ರದ ನಿಯಮಗಳು ಬಂದವು. 2023ರಲ್ಲಿ ಅವುಗಳ ಸ್ಥಾನಕ್ಕೆ ಹೊಸವು ಬಂದವು. ಬೀದಿಯ ಪ್ರಾಣಿಯ ಪೂರ್ವಚರಿತ್ರೆಯನ್ನು ಹೇಳಬಲ್ಲವರು ವಿರಳ.

ಐಸೋಫ್ಲೂರೇನ್‌ನಂತಹ ಅನಿಲಗಳು ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಪ್ರಮಾಣ ಹೆಚ್ಚಿದಂತೆ ಒತ್ತಡ ಇಳಿಯುತ್ತದೆ. ರಕ್ತಸ್ರಾವ, ನಿರ್ಜಲೀಕರಣ, ಮಂದ ಹೃದಯಬಡಿತಗಳೂ ಕಾರಣಗಳೇ. ಸರಾಸರಿ ಒತ್ತಡವು 60 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ, ಮೆದುಳುಗಳಿಗೆ ರಕ್ತ ಸಾಲದಾಗುತ್ತದೆ. ನಾಡಿ ಕೈಗೆ ಸಿಕ್ಕಿತೆಂಬ ಮಾತ್ರಕ್ಕೆ ಒತ್ತಡ ಸರಿಯಿದೆಯೆನ್ನಲಾಗದು. ಆದುದರಿಂದ ಅಳೆಯುವುದು ಅನಿವಾರ್ಯ. ಕಾಲಿಗೆ ಸುತ್ತುವ ಪಟ್ಟಿಯ ಅಗಲವು ಕಾಲಿನ ಸುತ್ತಳತೆಯ ಸುಮಾರು ಶೇ. 40ರಷ್ಟಿರಬೇಕು, ಕಿರಿದಾದರೆ ಒತ್ತಡವು ಇರುವುದಕ್ಕಿಂತ ಹೆಚ್ಚಾಗಿ ತೋರಿ, ಅಪಾಯ ಮರೆಯಾಗುತ್ತದೆ.

ಚಿಕಿತ್ಸೆಗೂ ಒಂದು ಕ್ರಮವುಂಟು. ಮೊದಲ ಹೆಜ್ಜೆ ಹೊಸ ಔಷಧ ಕೊಡುವುದಲ್ಲ, ಅರಿವಳಿಕೆಯ ಅನಿಲವನ್ನು ತಗ್ಗಿಸುವುದು. ಅದಕ್ಕೆ ಉತ್ತಮ ನೋವುನಿವಾರಣೆ ನೆರವಾಗುತ್ತದೆ. ಬಡಿತ ಮಂದವಾಗಿದ್ದರೆ, ಅದರ ಕಾರಣವನ್ನರಿತು, ಅಟ್ರೋಪಿನ್ ಅಥವಾ ಗ್ಲೈಕೋಪೈರೋಲೇಟ್. ದ್ರವದ ಕೊರತೆಯಿದ್ದರೆ ಕಿಲೋ ತೂಕಕ್ಕೆ 5ರಿಂದ 10 ಮಿ.ಲೀ. ಲವಣದ್ರಾವಣವನ್ನು ಸುಮಾರು ಕಾಲು ಗಂಟೆಯಲ್ಲಿ ಕೊಡುವುದು ರೂಢಿ. ಬೆಕ್ಕಿಗೆ ಇನ್ನೂ ಎಚ್ಚರಿಕೆಯಿಂದ. ಇಷ್ಟಕ್ಕೂ ಏರದಿದ್ದಲ್ಲಿ ಎಫೆಡ್ರಿನ್, ಡೋಪಮೈನ್, ನಾರ್ಎಪಿನೆಫ್ರಿನ್‌ಗಳು. ಇವು ಪಶುವೈದ್ಯರ ನಿರ್ಧಾರಕ್ಕೆ ಸೇರಿದುವು.

ಇದರ ಜೊತೆಗೆ ಮೈಯನ್ನು ಬೆಚ್ಚಗಿರಿಸಬೇಕು. ಮೈ ತಣ್ಣಗಾದಷ್ಟೂ ಬಡಿತ ಕುಗ್ಗುತ್ತದೆ, ಸಾಕಾಗುವ ಅರಿವಳಿಕೆಯ ಪ್ರಮಾಣವೂ ಇಳಿಯುತ್ತದೆ. ಮೊದಲಿನ ಪ್ರಮಾಣವೇ ಮುಂದುವರಿದರೆ ಅದು ಅತಿಯಾಗುತ್ತದೆ. ಕಿವಿ ಮುಟ್ಟಿ ನೋಡುವ ಗೊಲ್ಲನ ಕೈ, ಒಸಡಿನ ಬಣ್ಣ ನೋಡುವ ವೈದ್ಯನ ಕಣ್ಣು, ಎರಡೂ ಇಂದಿಗೂ ಬೇಕು. ಆದರೆ ಅವು ಮಾಪನಕ್ಕೆ ಬದಲಿಯಲ್ಲ. ಒಡೆಯನಿರುವ ನಾಯಿಗೆ ದೊರೆಯುವ ಈ ಎಚ್ಚರ ಒಡೆಯನಿಲ್ಲದ ನಾಯಿಗೂ ದೊರೆತಾಗಲೇ ಲಕ್ಷಣವನ್ನು ಓದುವ ನಮ್ಮ ಪರಂಪರೆಯು ಮುಂದುವರಿದಂತಾಗುತ್ತದೆ.