ಕಡಲಿಗಿಳಿಯದ ಕಡಲಸೇವೆ

ಅಬುಧಾಬಿ ನಗರದ ಪಶ್ಚಿಮ ಭಾಗದಲ್ಲಿ, ಕಾರ್ನಿಷ್ ಎಂಬ ಸುದೀರ್ಘವಾದ ಸಾಗರತೀರದ ರಾಜಮಾರ್ಗಕ್ಕೂ, ಮರದ ಹಾಯಿಹಡಗುಗಳನ್ನು ಕಟ್ಟುವುದಕ್ಕೆ ಹೆಸರಾದ ಬತೀನ್ ಎಂಬ ಹಳೆಯ ನೆಲೆಗೂ ಸಮೀಪದಲ್ಲಿ ಹಬ್ಬಿಕೊಂಡಿರುವ ಖಾಲಿದಿಯಾ ಬಡಾವಣೆಯಿಂದ ಕಡಲು ತುಸುವೇ ನಡಿಗೆಯ ದೂರದಲ್ಲಿದೆ. ಶನಿವಾರ ಭಾನುವಾರಗಳ ಸಾಯಂಕಾಲ ಅಲ್ಲಿನ ಮರಳಿನ ಮೇಲೆ ಕಿವಿಗೊಟ್ಟು ನಡೆದರೆ ಅರಬ್ಬಿ, ಮಲಯಾಳ, ಉರ್ದು ಭಾಷೆಗಳ ಕಲರವದ ನಡುವೆ ಕನ್ನಡವೂ ತುಳುವೂ ಕೊಂಕಣಿಯೂ ಬ್ಯಾರಿಯೂ ಕೇಳಿಬರುವುದುಂಟು. ಎದುರಿಗೆ ಲೂಲೂ ದ್ವೀಪ, ಪಕ್ಕದಲ್ಲಿ ಅಲೆತಡೆಯ ಗೋಡೆ. ಇವೆರಡರ ಆಸರೆಯಲ್ಲಿ ನೀರು ದೇವಾಲಯದ ಪುಷ್ಕರಿಣಿಯಂತೆ ಪ್ರಶಾಂತವಾಗಿ ಮಲಗಿರುತ್ತದೆ. ಮುಂಗಾರಿನ ದಿನಗಳಲ್ಲಿ ಮಲ್ಪೆಯ ಅಥವಾ ಉಳ್ಳಾಲದ ತೆರೆಗಳ ಆರ್ಭಟವನ್ನು ಕಂಡು ಬೆಳೆದವರಿಗೆ ಇದೂ ಒಂದು ಕಡಲೇ ಎಂಬ ತಾತ್ಸಾರ ಮೂಡಿದರೆ ಆಶ್ಚರ್ಯವಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಈ ತಾತ್ಸಾರವೇ ಅಲ್ಲಿನ ಮೊದಲನೆಯ ಅಪಾಯ.

ಏಕೆಂದರೆ ಅರಬ್ಬರ ಈ ಕೊಲ್ಲಿ ಸರಾಸರಿ ಸುಮಾರು 35 ಮೀಟರುಗಳಷ್ಟೇ ಆಳವುಳ್ಳದ್ದು. ಅಬುಧಾಬಿಯ ಅಂಚಿನಲ್ಲಂತೂ ಮರಳುದಿಣ್ಣೆಗಳೂ ಹವಳದ ಬಂಡೆಗಳೂ, ಹಡಗುಗಳ ಸಂಚಾರಕ್ಕೆಂದು ಅಗೆದು ಆಳಗೊಳಿಸಿದ ಕಾಲುವೆಗಳೂ ಒಂದರ ಪಕ್ಕದಲ್ಲೊಂದು ಇರುವುದರಿಂದ, ಉಬ್ಬರದ ಹೊತ್ತಿನಲ್ಲಿ ನಿರಾತಂಕವಾಗಿ ತೇಲಿಹೋದ ದೋಣಿ ಇಳಿತದ ಹೊತ್ತಿನಲ್ಲಿ ಹಿಂದಿರುಗುವಾಗ ನೆಲಕಚ್ಚಿ ನಿಲ್ಲುವುದು ಅಪರೂಪವಲ್ಲ. ಇದರ ಮೇಲೆ ‘ಶಮಾಲ್’ ಎಂದು ಅರಬ್ಬರು ಕರೆಯುವ ವಾಯವ್ಯದ ಗಾಳಿ ಎದ್ದಿತೆಂದರೆ, ಆಳವಿಲ್ಲದ ನೀರು ಗಿಡ್ಡವೂ ಕಡಿದೂ ಆದ ತೆರೆಗಳನ್ನು ಒಂದರ ಹಿಂದೊಂದರಂತೆ ಎಬ್ಬಿಸಿ, ಸಣ್ಣ ದೋಣಿಗೆ ತಲೆಯೆತ್ತಲು ಬಿಡುವೇ ಕೊಡುವುದಿಲ್ಲ. ಚಳಿಗಾಲದ ಮುಂಜಾವಿನ ದಟ್ಟ ಮಂಜು ಬೇರೆ.

ಕಡಲಿನ ಕಾವಲು ಅಲ್ಲಿ ಸಂಪೂರ್ಣವಾಗಿ ರಾಜ್ಯಾಡಳಿತದ ಕೆಲಸ. ತೀರರಕ್ಷಣಾ ದಳವೂ ರಾಷ್ಟ್ರೀಯ ಶೋಧ ಮತ್ತು ರಕ್ಷಣಾ ಕೇಂದ್ರವೂ ಹಡಗು, ಹೆಲಿಕಾಪ್ಟರುಗಳಿಂದ ಸನ್ನದ್ಧವಾಗಿವೆ. ಎಮಿರೇಟಿನ ಜಲಮಾರ್ಗಗಳ ನಿಯಮನಕ್ಕೆ 2020ರಲ್ಲಿ ರಚಿತವಾದ ಅಬುಧಾಬಿ ಮ್ಯಾರಿಟೈಮ್ ಎಂಬ ಸಂಸ್ಥೆಯಿದೆ. ಇಷ್ಟೆಲ್ಲ ಇರುವೆಡೆ, ವಾರದ ಐದು ದಿನ ಲೆಕ್ಕಪತ್ರಗಳ ಮುಂದೆ ಕುಳಿತಿರುವ ಕುಂದಾಪುರದ ಗೃಹಸ್ಥನೊಬ್ಬನಿಗೆ ಅಥವಾ ಆಸ್ಪತ್ರೆಯ ಪಾಳಿ ಮುಗಿಸಿ ಬರುವ ಉಡುಪಿಯ ದಾದಿಯೊಬ್ಬಳಿಗೆ ಮಾಡಲು ಏನು ಉಳಿದಿದೆ ಎಂಬ ಪ್ರಶ್ನೆ ಸಹಜವಾದುದು. ಕಡಲರಕ್ಷಣೆಯ ಸ್ವಯಂಸೇವೆ ಎಂದೊಡನೆ ನಮ್ಮ ಮನಸ್ಸಿನಲ್ಲಿ ಏಳುವ ಚಿತ್ರವೆಂದರೆ ಬಿರುಗಾಳಿಯಲ್ಲಿ ತೆರೆಗಳ ಮೇಲೆ ಹಾರಿ ಮುಳುಗುವವನ ಜುಟ್ಟು ಹಿಡಿದೆತ್ತುವ ವೀರನದು. ಆ ಚಿತ್ರ ಸುಳ್ಳೆನ್ನಲಾರೆ. ಆದರೆ ಅದು ಈ ಸೇವೆಯ ಅತ್ಯಲ್ಪ ಭಾಗ. ಮಿಕ್ಕದ್ದೆಲ್ಲ ನಡೆಯುವುದು ದಡದ ಮೇಲೆ, ಅಪಘಾತವಿನ್ನೂ ಸಂಭವಿಸದ ಹೊತ್ತಿನಲ್ಲಿ.

ಆ ನೆಲದ ಪೂರ್ವಚರಿತ್ರೆಯೇ ಇದಕ್ಕೆ ಸಾಕ್ಷಿ. ತೈಲದ ರಫ್ತು 1962ರಲ್ಲಿ ಆರಂಭವಾಗುವುದಕ್ಕೆ ಮುನ್ನ, 1930ರ ದಶಕದಲ್ಲಿ ಜಪಾನಿನ ಕೃಷಿಮುತ್ತು ಮಾರುಕಟ್ಟೆಯನ್ನು ಆಕ್ರಮಿಸುವವರೆಗೆ, ಅಬುಧಾಬಿಯ ಜೀವನಾಧಾರವಾಗಿದ್ದುದು ಮುತ್ತಿನ ಬೇಟೆ. ಕಾಲಿಗೆ ಕಲ್ಲು ಕಟ್ಟಿಕೊಂಡು, ಮೂಗಿಗೆ ಚಿಮುಟ ಸಿಕ್ಕಿಸಿಕೊಂಡು ತಳಕ್ಕಿಳಿಯುವ ಮುಳುಗುಗಾರ ‘ಘೈಸ್’. ಅವನ ಹಗ್ಗದ ತುದಿಯನ್ನು ಹಿಡಿದು ದೋಣಿಯ ಅಂಚಿನಲ್ಲಿ ನಿಂತವನು ‘ಸೈಬ್’. ಕೆಳಗಿನವನು ಹಗ್ಗವನ್ನೊಮ್ಮೆ ಜಗ್ಗಿದನೋ, ಮೇಲಿನವನು ಕ್ಷಣಮಾತ್ರವೂ ತಡಮಾಡದೆ ಎಳೆಯಬೇಕು. ದಿನವಿಡೀ ನೀರಿಗಿಳಿಯದ ಈ ಸೈಬನ ಎಚ್ಚರದ ಮೇಲೆ ಘೈಸನ ಪ್ರಾಣ ನಿಂತಿತ್ತು.

ಇಂಥದೇ ಎಚ್ಚರವನ್ನು ನೆಚ್ಚಿ, ಸ್ವಯಂಸೇವಕರ ಬಲದಿಂದಲೇ ಸಾಗರರಕ್ಷಣೆಯನ್ನು ಸಂಘಟಿಸಿದ ಕೀರ್ತಿ ಮುಖ್ಯವಾಗಿ ಬ್ರಿಟನ್ನಿಗೆ ಸಲ್ಲುತ್ತದೆ. ಐರಿಷ್ ಸಮುದ್ರದ ನಡುವಿನ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿ ಎಂಬಾತ, ಕಣ್ಣೆದುರಿಗೇ ಹಡಗುಗಳು ಒಡೆದು ಜನರು ಜಲಸಮಾಧಿಯಾಗುವುದನ್ನು ಕಂಡು ಮನಕರಗಿ, ರಾಷ್ಟ್ರಕ್ಕೊಂದು ಮನವಿಯನ್ನು ಬರೆದು ಮುದ್ರಿಸಿದುದರ ಫಲವಾಗಿ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಒಂದು ಸಂಸ್ಥೆ ಜನ್ಮತಾಳಿತು. 1854ರಿಂದ ಅದಕ್ಕೆ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಹೆಸರು. ಎರಡು ಶತಮಾನಗಳಲ್ಲಿ ಅದು ಉಳಿಸಿದ ಜೀವಗಳು 1,40,000ಕ್ಕೂ ಹೆಚ್ಚು. ನಡೆಯುವುದು ಬಹುಪಾಲು ಸಾರ್ವಜನಿಕರ ದಾನದಿಂದ. ಇದರ ದೋಣಿಯೇರುವ ಸ್ವಯಂಸೇವಕರಲ್ಲಿ ಹತ್ತರಲ್ಲಿ ಒಬ್ಬರಷ್ಟೇ ಕಡಲವೃತ್ತಿಯ ಹಿನ್ನೆಲೆಯವರು. ಉಳಿದವರು ಉಪಾಧ್ಯಾಯರು, ಅಂಗಡಿಕಾರರು, ಬಡಗಿಗಳು, ಹೀಗೆ ನಮ್ಮ ನಿಮ್ಮಂಥವರು. ದೋಣಿಯೇರುವವನ ಹಿಂದೆ ದೋಣಿಯನ್ನು ನೀರಿಗಿಳಿಸುವವರು, ಶಾಲೆಗಳಲ್ಲಿ ಪಾಠ ಹೇಳುವವರು, ಚಂದಾ ಎತ್ತುವವರು ಎಷ್ಟೋ ಮಂದಿ.

ಇದಕ್ಕಿಂತ ಭಿನ್ನವಾದ, ಖಾಲಿದಿಯಾದ ಗೃಹಸ್ಥನಿಗೆ ಇನ್ನೂ ಸಮೀಪವೆನಿಸುವ ಮಾದರಿ ಅಮೆರಿಕದ್ದು. ಅಲ್ಲಿನ ಕೋಸ್ಟ್ ಗಾರ್ಡ್ ದಳಕ್ಕೆ ಸಹಾಯಕವಾಗಿ ನಾಗರಿಕರ ಪಡೆಯೊಂದು 1939ರಲ್ಲಿ ಹುಟ್ಟಿ, 1941ರಿಂದ ‘ಆಕ್ಸಿಲಿಯರಿ’ ಎಂಬ ಹೆಸರನ್ನು ಪಡೆಯಿತು. ಇದರ ಸದಸ್ಯರಿಗೆ ಸಂಬಳವಿಲ್ಲ, ಬಂಧಿಸುವ ದಂಡಿಸುವ ಅಧಿಕಾರವೂ ಇಲ್ಲ. ಇವರ ಕೆಲಸಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು ದೋಣಿಗಳ ಉಚಿತ ತಪಾಸಣೆ. ಸ್ವಯಂಸೇವಕ ಪಟ್ಟಿಯೊಂದನ್ನು ಹಿಡಿದು ಜೆಟ್ಟಿಯ ಮೇಲೆ ನಿಂತಿರುತ್ತಾನೆ. ದೋಣಿಯಲ್ಲಿ ತಲೆಗೊಂದರಂತೆ ಲೈಫ್ ಜಾಕೆಟುಗಳಿವೆಯೇ, ಮಕ್ಕಳ ಅಳತೆಯವು ಬೇರೆಯಾಗಿ ಇವೆಯೇ, ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯೇ, ಸಂಕಟದ ಸಂಕೇತಕ್ಕಿಟ್ಟ ಬೆಂಕಿಬಾಣಗಳ ಅವಧಿ ತೀರಿಹೋಗಿದೆಯೇ, ಬ್ಯಾಟರಿಯ ತುದಿಗಳಿಗೆ ಮುಚ್ಚಳವಿದೆಯೇ, ಕೆಂಪು ಹಸಿರು ದೀಪಗಳು ಉರಿಯುತ್ತವೆಯೇ, ಶಿಳ್ಳೆಯಿದೆಯೇ ಎಂದು ಒಂದೊಂದನ್ನೂ ಮುಟ್ಟಿ ನೋಡುತ್ತಾನೆ. ಎಲ್ಲವೂ ಸರಿಯಾಗಿದ್ದರೆ ಆ ವರ್ಷದ ಚೀಟಿಯನ್ನು ದೋಣಿಗೆ ಅಂಟಿಸುತ್ತಾನೆ. ಕೊರತೆಯಿದ್ದರೆ ಯಜಮಾನನಿಗೆ ತಿಳಿಸಿ ಸುಮ್ಮನಾಗುತ್ತಾನೆಯೇ ಹೊರತು ಪೊಲೀಸರಿಗೆ ದೂರುವುದಿಲ್ಲ. ದಂಡದ ಭಯವಿಲ್ಲದ ಕಡೆ ಮನುಷ್ಯ ತನ್ನ ಲೋಪವನ್ನು ತಾನೇ ತೋರಿಸಿಕೊಡುತ್ತಾನೆಂಬ ಲೋಕಾನುಭವ ಈ ವ್ಯವಸ್ಥೆಯ ಬುನಾದಿ.

ಆದರೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಾಲ್ವರು ಮಿತ್ರರು ಸೇರಿ ಟೀ-ಶರ್ಟಿನ ಮೇಲೆ ಹೆಸರು ಅಚ್ಚುಹಾಕಿಸಿಕೊಂಡು ‘ಕಡಲರಕ್ಷಣಾ ಬಳಗ’ವೊಂದನ್ನು ಆರಂಭಿಸಿಬಿಡಲು ಬರುವುದಿಲ್ಲ. ಊರಿನ ರೂಢಿಯಲ್ಲಿ ಬೆಳೆದ ನಮ್ಮವರು ಇದನ್ನು ವಿಶೇಷವಾಗಿ ನೆನಪಿಡತಕ್ಕದ್ದು. ಅಲ್ಲಿ ಸ್ವಯಂಸೇವೆಗೂ 2018ರ ಸಂಯುಕ್ತ ಕಾನೂನೊಂದು ಚೌಕಟ್ಟನ್ನು ಹಾಕಿದೆ. ಪರವಾನಗಿ ಪಡೆದ ಸಂಸ್ಥೆಗಳ ಮೂಲಕವೇ ಸೇವೆ ಸಲ್ಲಬೇಕು. ಕೆಲವರಿಗೆ ಇದು ಬಿಗಿಯೆನಿಸಬಹುದು. ತರಬೇತಿಯಿಲ್ಲದ ಉತ್ಸಾಹಿ ನೀರಿಗೆ ಧುಮುಕಿ, ರಕ್ಷಿಸಬೇಕಾದವರ ಸಂಖ್ಯೆಯನ್ನು ಒಂದರಿಂದ ಎರಡಕ್ಕೆ ಏರಿಸುವ ಪ್ರಸಂಗಗಳನ್ನು ಕಡಲತಡಿಯ ಎಲ್ಲ ಊರುಗಳೂ ಕಂಡಿರುವುದರಿಂದ ಈ ಬಿಗಿ ಉಚಿತವೆಂದೇ ನನ್ನ ಅಭಿಪ್ರಾಯ.

ಸೇರುವ ದಾರಿ ಕಠಿಣವಲ್ಲ. ರಾಷ್ಟ್ರೀಯ ಸ್ವಯಂಸೇವಾ ವೇದಿಕೆಯಲ್ಲಿ ಪ್ರಜೆಗಳಂತೆ ನಿವಾಸಿಗಳೂ ಎಮಿರೇಟ್ಸ್ ಐಡಿಯ ವಿವರ ಕೊಟ್ಟು ಹೆಸರು ನೋಂದಾಯಿಸಿ, ತಮ್ಮ ಭಾಷೆ, ವೃತ್ತಿ, ಕೌಶಲಗಳನ್ನು ನಮೂದಿಸಿ, ಪ್ರಕಟವಾದ ಅವಕಾಶಗಳಲ್ಲಿ ತಮಗೆ ಒಪ್ಪುವುದನ್ನು ಆರಿಸಿಕೊಳ್ಳಬಹುದು. ತುರ್ತುಪರಿಸ್ಥಿತಿಯಲ್ಲಿ ನೆರವಾಗಲು ಜನರನ್ನು ತರಬೇತುಗೊಳಿಸುವ ‘ಸನಿದ್’ ಎಂಬ ಕಾರ್ಯಕ್ರಮವೂ, 1983ರಲ್ಲಿ ಸ್ಥಾಪಿತವಾದ ಎಮಿರೇಟ್ಸ್ ರೆಡ್ ಕ್ರೆಸೆಂಟ್ ಸಂಸ್ಥೆಯೂ ಸ್ವಯಂಸೇವಕರನ್ನು ಬರಮಾಡಿಕೊಳ್ಳುತ್ತವೆ. ಮೊದಲ ದಿನವೇ ತೀರರಕ್ಷಣೆಯ ಹಡಗೇರುವ ಆಸೆ ಮಾತ್ರ ಬೇಡ; ದೊರೆಯುವುದು ಕಡಲತೀರದ ಸ್ವಚ್ಛತೆ, ಜಲಕ್ರೀಡೆಗಳ ಸಂದರ್ಭದ ಜನನಿಯಂತ್ರಣ, ಪ್ರಥಮ ಚಿಕಿತ್ಸೆಯ ಮೇಜಿನ ಬಳಿ ಕುಳಿತುಕೊಳ್ಳುವಂಥ ಕೆಲಸಗಳು.

ಕನ್ನಡಿಗನ ಬಳಿ ಇರುವ ದೊಡ್ಡ ಬಂಡವಾಳವೆಂದರೆ ಅವನ ಬಹುಭಾಷಾಜ್ಞಾನ. ಮೀನಾ ಬಂದರಿನಲ್ಲಿ ಲಂಗರು ಹಾಕುವ ಮೀನುಗಾರಿಕೆಯ ದೋಣಿಗಳಲ್ಲಿ ದುಡಿಯುವವರಲ್ಲಿ ಭಾರತೀಯರು ಅನೇಕರು. ರಜೆಯ ದಿನ ಕಡಲತೀರಕ್ಕೆ ಬರುವ ಕಾರ್ಮಿಕರಲ್ಲಿ ಈಜು ಅರಿಯದವರೂ, ಅರಬ್ಬಿ ಇಂಗ್ಲಿಷ್ ಫಲಕಗಳನ್ನು ಓದಲಾರದವರೂ ಇದ್ದೇ ಇರುತ್ತಾರೆ. ಅಂಥವನ ಬಳಿ ಕುಳಿತು ಹಿಂದಿಯಲ್ಲಿಯೋ ಮಲಯಾಳದಲ್ಲಿಯೋ ತುಳುವಿನಲ್ಲಿಯೋ, “ಅಣ್ಣ, ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲಿನಷ್ಟು ನೀರಿಗೂ ಇಳಿಯಬೇಡ” ಎಂದು ಹೇಳುವ ಮಾತಿಗೆ ಯಾವ ಫಲಕವೂ ಸಮನಾಗದು.

ಇನ್ನು ಕಲಿಯಬೇಕಾದ ವಿದ್ಯೆಗಳಲ್ಲಿ ಮೊದಲನೆಯದು ನೀರಿಗೆ ಇಳಿಯದಿರುವುದು. ಮುಳುಗುತ್ತಿರುವವನಿಗೆ ಕೋಲು ಚಾಚು, ತಲುಪದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ದೋಣಿಯಲ್ಲಿ ಹೋಗು, ಈಜಿ ಹೋಗುವುದು ಎಲ್ಲಕ್ಕಿಂತ ಕೊನೆಗೆ ಎಂಬುದು ಲೋಕದ ರಕ್ಷಣಾಶಾಲೆಗಳೆಲ್ಲ ಒಪ್ಪಿರುವ ಕ್ರಮ. ಹಗ್ಗ ಎಸೆಯುವುದರಲ್ಲಿಯೂ ಒಂದು ಹದವಿದೆ. ಮನುಷ್ಯನತ್ತ ಎಸೆದರೆ ಅದು ಬಹುಶಃ ಅವನ ಮುಂದೆಯೇ ಬಿದ್ದು ಕೈಗೆ ಎಟುಕದೆ ಹೋಗುತ್ತದೆ. ಅವನ ಹೆಗಲ ಮೇಲಿಂದ ಹಾದು ಆಚೆಗೆ ಬೀಳುವಂತೆ ಎಸೆದು, ಮೆಲ್ಲನೆ ಹಿಂದಕ್ಕೆಳೆದರೆ ಹಗ್ಗ ತಾನಾಗಿ ಅವನ ಕೈಗೆ ಸಿಗುತ್ತದೆ. ಎರಡನೆಯದು ರೇಡಿಯೋ. ವಿಎಚ್‌ಎಫ್ 16ನೆಯ ಚಾನೆಲ್, ಎಂದರೆ 156.8 ಮೆಗಾಹರ್ಟ್ಸ್, ಜಗತ್ತಿನಾದ್ಯಂತ ಸಂಕಟದ ಕರೆಗೆ ಮೀಸಲು. ‘ಮೇಡೇ’ ಎಂದು ಮೂರು ಬಾರಿ ಕೂಗಿ, ದೋಣಿಯ ಹೆಸರು, ಇರುವ ಸ್ಥಳ, ಒದಗಿದ ಆಪತ್ತು, ಮೇಲಿರುವವರ ಸಂಖ್ಯೆ ಇಷ್ಟನ್ನು ಹೇಳಿ, ಗುಂಡಿಯ ಮೇಲಿನ ಬೆರಳು ತೆಗೆದು ಉತ್ತರಕ್ಕೆ ಕಿವಿಗೊಡಬೇಕು. ಗಾಬರಿಯಲ್ಲಿ ಬೆರಳು ತೆಗೆಯಲು ಮರೆತರೆ ಉತ್ತರ ಕೇಳಿಸುವುದೇ ಇಲ್ಲ. ಮೂರನೆಯದಕ್ಕೆ ಕಾಸಿನ ಖರ್ಚೂ ಇಲ್ಲ: ಎಲ್ಲಿಗೆ ಹೊರಟೆವು, ಎಷ್ಟು ಜನ, ಯಾವ ಹೊತ್ತಿಗೆ ಬರುವೆವು ಎಂಬುದನ್ನು ದಡದಲ್ಲಿರುವ ಒಬ್ಬರಿಗೆ ತಿಳಿಸಿ ಹೋಗುವುದು.

ಈ ಮೂರನೆಯ ಮಾತಿನ ಬೆಲೆ ಕರ್ನಾಟಕದ ಕರಾವಳಿಗೆ ಚೆನ್ನಾಗಿ ತಿಳಿದಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ದೋಣಿ ಏಳು ಮಂದಿಯೊಡನೆ ಕಣ್ಮರೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲವಣದ ಬಳಿ ಕಡಲ ತಳದಲ್ಲಿ ಪತ್ತೆಯಾದುದು ಮರುವರ್ಷದ ಮೇ ತಿಂಗಳಿನಲ್ಲಿ. ಅದರ ನಡುವೆಯೇ, 2019ರ ಜನವರಿ 21ರಂದು, ಕಾರವಾರದ ಸಮೀಪದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನರು ಅಸುನೀಗಿದರು. ಮಿತಿಮೀರಿ ಜನರನ್ನು ಹೇರಿಕೊಂಡಿದ್ದ ದೋಣಿಯದು. ಜೆಟ್ಟಿಯ ಮೇಲೆ ನಿಂತು ತಲೆಗಳನ್ನೆಣಿಸಿ, ‘ಇನ್ನು ಸಾಕು, ಮುಂದಿನ ದೋಣಿಗೆ ಬನ್ನಿ’ ಎಂದು ಕೈ ಅಡ್ಡ ಹಿಡಿಯುವ ಒಬ್ಬನೇ ಒಬ್ಬ ಇದ್ದಿದ್ದರೆ ಎಂಬ ಯೋಚನೆ ಆ ಸುದ್ದಿಯನ್ನು ಓದಿದವರಿಗೆ ಬಾರದೆ ಇರದು.

ನಮ್ಮಲ್ಲಿ ಕರಾವಳಿ ಕಾವಲು ಪಡೆ ಮಲ್ಪೆಯನ್ನು ಕೇಂದ್ರವಾಗಿಟ್ಟುಕೊಂಡು, ಕಾರವಾರದವರೆಗೂ ಠಾಣೆಗಳನ್ನು ಹೊಂದಿದೆ. ಪಣಂಬೂರಿನಲ್ಲಿ ಭಾರತೀಯ ಕೋಸ್ಟ್ ಗಾರ್ಡ್ ಇದೆ. ಆದರೂ ಅಳಿವೆಬಾಗಿಲಿನಲ್ಲಿ ನಾಡದೋಣಿ ಮಗುಚಿದಾಗ ಮೊದಲು ಧಾವಿಸುವವರು ಪಕ್ಕದ ದೋಣಿಯ ಚುಕ್ಕಾಣಿ ಹಿಡಿದ ತಾಂಡೇಲನೂ ಅವನ ಕೈಕೆಳಗೆ ದುಡಿಯುವ ಕಲಾಸಿಗಳೂ, ದಡದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದವರೂ. ಇವರನ್ನು ಯಾರೂ ಸ್ವಯಂಸೇವಕರೆಂದು ಕರೆದುದಿಲ್ಲ. ಇವರ ಪೈಕಿ ನಾಡಿಗೆಲ್ಲ ಪರಿಚಿತನಾದವನು ಮುಳುಗುತಜ್ಞ ಈಶ್ವರ ಮಲ್ಪೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೂ ಜನರೂ ಗಂಗಾವಳಿ ನದಿಯ ಪಾಲಾದಾಗ, ನೌಕಾಪಡೆಯವರೊಡನೆ ಈತನೂ ಈತನ ಸಂಗಡಿಗರೂ ಆ ಕೆಸರುನೀರಿನ ಸೆಳವಿಗೆ ಇಳಿದು ಶೋಧಿಸಿದುದನ್ನು ನಾಡೇ ನೋಡಿತು. ಇಂಥವರ ಸಾಹಸವನ್ನು ಹಾರ ಹಾಕಿ ಕೊಂಡಾಡುವುದರಲ್ಲಿ ನಾವು ಹಿಂದೆಬಿದ್ದವರಲ್ಲ. ಅವರಿಗೊಂದು ವಿಮೆ, ಒಂದು ಒಳ್ಳೆಯ ಸಲಕರಣೆ, ಕ್ರಮಬದ್ಧವಾದ ತರಬೇತಿ, ಅವರ ಜ್ಞಾನವನ್ನು ಹತ್ತು ಹುಡುಗರಿಗೆ ದಾಟಿಸುವ ಏರ್ಪಾಡು ಎಂದಾಗ ಮಾತ್ರ ನಮ್ಮ ಕೈ ಬಿಗಿಯಾಗುತ್ತದೆ. ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ನೀಲಿ ಪತಾಕೆಯ ಅಂತರರಾಷ್ಟ್ರೀಯ ಮನ್ನಣೆ ದೊರೆತುದು ಹೆಮ್ಮೆಯ ಸಂಗತಿಯೇ. ಆ ಮನ್ನಣೆಯ ನಿಯಮಗಳಲ್ಲಿ ಜೀವರಕ್ಷಕರ ಏರ್ಪಾಡೂ ಸೇರಿದೆ. ಆದರೆ ಪತಾಕೆಯಿಲ್ಲದ ತೀರಗಳೇ ನಮ್ಮಲ್ಲಿ ಅಧಿಕ.

ಅಬುಧಾಬಿಯ ಕನ್ನಡ ಬಾಂಧವರಲ್ಲಿ ಆದಕಾರಣ ಒಂದು ವಿನಂತಿಯುಂಟು. ರಾಜ್ಯೋತ್ಸವಕ್ಕೂ ಯಕ್ಷಗಾನಕ್ಕೂ ಸಭಾಂಗಣ ತುಂಬಿಸುವ ನಿಮ್ಮ ಸಂಘಟನಾಶಕ್ತಿಯಲ್ಲಿ ಅರ್ಧ ದಿನವನ್ನು ಇದಕ್ಕೂ ಎತ್ತಿಡಿ. ಪ್ರಮಾಣಪತ್ರವುಳ್ಳ ಬೋಧಕರನ್ನು ಕರೆಸಿ ಎದೆಯೊತ್ತಿ ಉಸಿರು ಮರಳಿಸುವ ವಿಧಾನವನ್ನು ಕಲಿಯಿರಿ. ಮಕ್ಕಳಿಗೆ ಈಜು ಕಲಿಸಿರಿ. ನೋಂದಣಿಯನ್ನು ಸಾಮೂಹಿಕವಾಗಿ ಮಾಡಿಸಿರಿ. ಊರಿಗೆ ರಜೆಯಲ್ಲಿ ಬಂದಾಗ ಕಲಿತುದನ್ನು ನಿಮ್ಮ ಗ್ರಾಮದ ಶಾಲೆಯಲ್ಲೊಮ್ಮೆ ಹೇಳಿಕೊಡಿ. ಮತ್ತು ಈ ಸಂಖ್ಯೆಗಳನ್ನು ಇಂದೇ ದೂರವಾಣಿಯಲ್ಲಿ ಬರೆದಿಟ್ಟುಕೊಳ್ಳಿ: ಅಲ್ಲಿ ತೀರರಕ್ಷಣಾ ದಳಕ್ಕೆ 996, ಶೋಧ ಮತ್ತು ರಕ್ಷಣಾ ಕೇಂದ್ರಕ್ಕೆ 995, ಇಲ್ಲಿ ಕರಾವಳಿ ಕಾವಲು ಪಡೆಗೆ 1093, ಕೋಸ್ಟ್ ಗಾರ್ಡಿಗೆ 1554.