ಆ ‘ಹೀ’ ಯಾರು?

ಪ್ರಶ್ನೆ: ವ್ಯಾಕರಣ ಸರಿಯಿದ್ದರೂ ನಾವು ಬರೆದ ಇಂಗ್ಲಿಷ್ ವಾಕ್ಯದ ಅರ್ಥ ಕೆಲವೊಮ್ಮೆ ಗೊಂದಲವಾಗುವುದೇಕೆ?

ಉತ್ತರ: ‘ರವಿ ಟೋಲ್ಡ್ ಮೋಹನ್ ದಟ್ ಹೀ ಹ್ಯಾಡ್ ಪಾಸ್ಡ್’ ಎಂಬ ವಾಕ್ಯ ನೋಡಿ. ಪಾಸಾದವನು ರವಿಯೋ, ಮೋಹನನೋ? ಸರ್ವನಾಮವೆಂದರೆ ‘ಗೌಡರಿಗೆ’ ಎಂದಷ್ಟೇ ವಿಳಾಸ ಬರೆದ ಕಾಗದವಿದ್ದಂತೆ. ಬೀದಿಯಲ್ಲಿ ಗೌಡರ ಮನೆ ಒಂದೇ ಇದ್ದರೆ ಅದು ತಲುಪುತ್ತದೆ; ಎರಡಿದ್ದರೆ ಅಂಚೆಯಣ್ಣ ತಬ್ಬಿಬ್ಬಾಗುತ್ತಾನೆ.

ಕನ್ನಡದಲ್ಲಿ ‘ತಾನು ಪಾಸಾದೆನೆಂದು ರವಿ ಮೋಹನನಿಗೆ ಹೇಳಿದ’ ಎಂದರೆ ಸಾಕು, ‘ತಾನು’ ರವಿಯನ್ನೇ ಸೂಚಿಸುತ್ತದೆ. ಇಂಗ್ಲಿಷಿನ ‘ಹೀ’ಗೆ ಆ ಅನುಕೂಲವಿಲ್ಲ. ಆದ್ದರಿಂದ ರವಿ ಆಡಿದ ಮಾತನ್ನೇ ಉದ್ಧರಣ ಚಿಹ್ನೆಯೊಳಗೆ ಕೊಡಿ: ‘ಐ ಹ್ಯಾವ್ ಪಾಸ್ಡ್’ ಅಥವಾ ‘ಯೂ ಹ್ಯಾವ್ ಪಾಸ್ಡ್’. ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಹೋಲಿಕೆಯಲ್ಲೂ ಇಂಥದೇ ಎಡವಟ್ಟು. ‘ಮೈಸೂರಿನ ಹವೆ ಚೆನ್ನೈಗಿಂತ ತಂಪು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದನ್ನೇ ‘ದಿ ಕ್ಲೈಮೇಟ್ ಆಫ್ ಮೈಸೂರು ಈಸ್ ಕೂಲರ್ ದ್ಯಾನ್ ಚೆನ್ನೈ’ ಎಂದು ಬರೆದರೆ ಹವೆಯನ್ನು ಊರಿನೊಂದಿಗೆ ಹೋಲಿಸಿದಂತಾಗುತ್ತದೆ. ‘ದ್ಯಾನ್ ದಟ್ ಆಫ್ ಚೆನ್ನೈ’ ಎಂದರೆ ಹವೆಗೆ ಹವೆಯೇ ಜೋಡಿಯಾಗುತ್ತದೆ.

ಬರೆದ ಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಸರ್ವನಾಮ ಯಾರದು? ಯಾವುದನ್ನು ಯಾವುದಕ್ಕೆ ಹೋಲಿಸಿದ್ದೇನೆ? ಮೊದಲನೆಯದಕ್ಕೆ ಒಂದೇ ಉತ್ತರ ಸಿಕ್ಕಿ, ಎರಡನೆಯದರಲ್ಲಿ ಒಂದೇ ಬಗೆಯವು ಜೋಡಿಯಾಗಿದ್ದರೆ ಈ ಎರಡು ಗೊಂದಲಗಳಿಲ್ಲ.